ಎಂಟನೆಯ ಹೆಬ್ಬೆಟ್ಟು

ರೇಷನ್ ಅಂಗಡಿಯಲ್ಲಿ ಅಕ್ಕಿಯ ಸಾಲಿನ ಪಕ್ಕದ್ದೇ ನೆಮ್ಮದಿಯ ಸಾಲು. ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಸಾಕು, ಎದೆಯ ಭಾರವೆಲ್ಲ ಇಳಿದುಹೋಗುತ್ತಿತ್ತು. ಆದರೆ ತಿಂಗಳಿಗೆ ಇಷ್ಟು ಸಲ ಎಂಬ ಲೆಕ್ಕವಿತ್ತು. ಗಂಡ ಎದೆಯೊಡೆದು ಸತ್ತ ಐದನೆಯ ದಿನ ನೀಲಾಂಬಿಕೆ ಹೋಗಿ ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ ಹತ್ತಿತು.

“ಈ ತಿಂಗಳ ನಿಮ್ಮ ಪಾಲು ಮುಗಿದೈತಕ್ಕ,” ಎಂದ ಅಂಗಡಿಯ ತಿಪ್ಪೇಸ್ವಾಮಿ.

“ನಮ್ಮನೆಯವರ ಪಾಲು ಹಂಗೇ ಇರಬೇಕಲ್ಲಪ್ಪ. ಅವರು ಒಂದಿನಾನೂ ಈ ಸಾಲಿನಾಗೆ ನಿಂತೋರಲ್ಲ. ಕಲ್ಲಿನಂಥ ಮನುಷ್ಯ. ಅದರಾಗೆ ಒಂದು ಕೊಡು. ಗಂಟಲಾಗೆ ಅನ್ನ ಇಳೀವಲ್ದು.”

ತಿಪ್ಪೇಸ್ವಾಮಿ ತಲೆಯೆತ್ತಲಿಲ್ಲ. “ಆರು ವರ್ಷದ ಹಿಂದೆ ಒಂದ್ಸಲ ಬಂದಿದ್ರು. ತಮ್ಮ ಪಾಲನ್ನೆಲ್ಲ ನಿಮ್ಮ ಹೆಸರಿಗೆ ಬರೆಸಿ, ಅವಳಿಗೆ ಹೇಳಬ್ಯಾಡ ಅಂದ್ರು. ನಾಲ್ಕು ಇದ್ದಿದ್ದು ಎಂಟಾಗಿದ್ದು ಹಂಗೇ ಅಕ್ಕ. ನೀವು ಸರ್ಕಾರ ಜಾಸ್ತಿ ಮಾಡೈತೆ ಅಂದ್ಕೊಂಡ್ರಿ.”

ನೀಲಾಂಬಿಕೆ ತನ್ನ ಹೆಬ್ಬೆಟ್ಟನ್ನೇ ನೋಡುತ್ತ ನಿಂತಳು. ಎಂಟನೆಯದನ್ನು ಒತ್ತಿದ್ದು ಹೋದ ವಾರ. ದಿನವೂ ನಿದ್ದೆಯಲ್ಲಿ ಗಂಡ ಕಟಕಟನೆ ಹಲ್ಲು ಕಡಿಯುವ ಸದ್ದನ್ನು ತಾಳಲಾರದೆ ಬಂದು ಒತ್ತಿದ್ದಳು.