ಅಡ್ಡಡ್ಡ ಪ್ರಯಾಣ

ನರ್ಸ್ ತನ್ನ ಚೀಲದಿಂದ ಟ್ಯೂಬಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಸೊಸೆ ಗಂಜಿಯ ಬಟ್ಟಲನ್ನು ಅದರಿಂದ ಆದಷ್ಟು ದೂರ ಸರಿಸಿಕೊಂಡಳು, ಒಂದರ ಗಾಳಿ ಇನ್ನೊಂದಕ್ಕೆ ತಾಗಬಾರದು ಎಂಬಂತೆ.

"ನೋಡಮ್ಮ, ಡಾಕ್ಟರ್ ಹೇಳಿದ್ದು ನೆನಪಿದೆಯಲ್ಲ? ನಿಮ್ಮ ಮಾವನಿಗೆ ನುಂಗೋ ಶಕ್ತಿ ಬಂದಿದೆ, ಬಾಯಿ ತೆಗೆಯೋ ಮನಸ್ಸಿಲ್ಲ. ಇವತ್ತು ನನ್ನೆದುರಿಗೇ ಬಟ್ಟಲು ಖಾಲಿ ಆಗ್ಬೇಕು. ಇಲ್ಲಾಂದ್ರೆ ಮೂಗಿಗೆ ಟ್ಯೂಬು."

"ತಿಂತಾರೆ ಸಿಸ್ಟರ್. ಮೊನ್ನೆಯಿಂದ ತಿಂತಿದಾರೆ. ಆದ್ರೆ..." ಸೊಸೆಯ ಕಿವಿ ಬಿಸಿಯಾಯಿತು. "ನೀವು ನಗಬಾರ್ದು."

ಮಾವ ದಿಂಬುಗಳ ಆಸರೆಯಲ್ಲಿ ನೆಟ್ಟಗೆ ಕೂತಿದ್ದರು. ಲಕ್ವ ಹೊಡೆದ ಬಲಗೈ ಮಡಿಲಲ್ಲಿತ್ತು. ತುಟಿಗೆ ಬೀಗ ಬಿದ್ದಿತ್ತು. ಆಯುಷ್ಯವಿಡೀ ಒಂದೇ ಕಟ್ಟಡದ ಲಿಫ್ಟ್ ನಡೆಸಿದವರು ಅವರು. ನಿವೃತ್ತಿಯ ದಿನ ಮನೆಗೆ ಬಂದವರೇ ಒಂದು ದ್ವೀಪದ ನಕ್ಷೆಯನ್ನು ಗೋಡೆಗೆ ಅಂಟಿಸಿ, "ಮೇಲೆ ಕೆಳಗೆ ಓಡಾಡಿದ್ದು ಸಾಕು, ಇನ್ನು ಅಡ್ಡಡ್ಡ ಹೋಗ್ಬೇಕು" ಎಂದಿದ್ದರು. ಎಲ್ಲೆಲ್ಲಿ ಇಳಿಯುವುದು, ಎಲ್ಲಿ ತಂಗುವುದು ಎಂದು ಮಾವ ಸೊಸೆ ಸೇರಿ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದ ದಿನಗಳಲ್ಲೇ ಲಕ್ವ ಹೊಡೆಯಿತು. ಮಾತು ನಿಂತಿತು. ಹಿಂದೆಯೇ ಊಟವೂ.

ಸೊಸೆ ಚಮಚ ಎತ್ತಿಕೊಂಡಳು. ಮೊನ್ನೆ ಬೇರೆ ದಾರಿ ಕಾಣದೆ ಶುರು ಮಾಡಿದ ಆಟವಿದು. ಹೋಗಲಾಗದ ಊರು ತೋರಿಸಿ ತಿನ್ನಿಸುವುದು ಮೋಸವಲ್ಲವೇ ಎಂದು ಅಂದಿನಿಂದ ಮನಸ್ಸು ಕೊರೆಯುತ್ತಿತ್ತು. ಇವತ್ತು ಅದಕ್ಕೊಬ್ಬ ಸಾಕ್ಷಿ ಬೇರೆ.

"ಮಾವ, ದೋಣಿ ಬಂದರಿಗೆ ಬಂತು. ಇಳಿಯೋಣ್ವಾ?"

ಬಾಯಿ ತೆರೆಯಿತು. ಗಂಟಲ ಗಂಟು ಏರಿ ಇಳಿಯುವವರೆಗೂ ಅವಳು ಉಸಿರು ಹಿಡಿದು ಕಾದಳು.

"ಇದು ಲವಂಗದ ತೋಟ. ಕೀಳ್ಬೇಡಿ, ಕಾವಲುಗಾರ ನಮ್ಮನ್ನೇ ನೋಡ್ತಿದಾನೆ." ಇನ್ನೊಂದು ಚಮಚ. "ಇಲ್ಲಿ ಆಮೆಗಳು ಮೊಟ್ಟೆ ಇಡ್ತಿವೆ, ಸದ್ದು ಮಾಡ್ಬೇಡಿ." ಮಾವ ಸದ್ದಿಲ್ಲದೆ ನುಂಗಿದರು. ಜಲಪಾತದ ಹತ್ತಿರ ಕೆಮ್ಮು ಬಂತು. ನರ್ಸ್ ಮುಂದೆ ಬಾಗಿದಳು. "ನೀರು ಮುಖಕ್ಕೇ ಹಾರ್ತಿದೆ ಮಾವ, ಸ್ವಲ್ಪ ಹಿಂದೆ ನಿಲ್ಲೋಣ" ಎಂದು ಸೊಸೆ ಕೆಮ್ಮು ನಿಲ್ಲುವವರೆಗೆ ಚಮಚ ಕೆಳಗಿಟ್ಟಳು. ನರ್ಸ್ ಗೋಡೆಯ ನಕ್ಷೆಯನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿದಳು. ನಗಲಿಲ್ಲ.

ಅದರಿಂದಲೇ ಸೊಸೆಗೆ ಧೈರ್ಯ ಹೆಚ್ಚಾಯಿತು. "ಈಗ ಹಡಗುಗಳಿಗೆ ದಾರಿ ತೋರೋ ದೀಪಸ್ತಂಭ. ಎತ್ತರ ಅಂತ ಹೆದರ್ಬೇಡಿ, ಒಳಗೆ ಲಿಫ್ಟ್ ಇದೆ—"

ಬಾಯಿ ಟಪ್ಪನೆ ಮುಚ್ಚಿತು.

"ಅಯ್ಯೋ, ಲಿಫ್ಟ್ ಇಲ್ಲ ಮಾವ! ಮೆಟ್ಟಿಲು! ಬರೀ ಮೆಟ್ಟಿಲು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊನೆಗೂ ರಜೆಗೆ ಹೊರಟವರನ್ನು ಮತ್ತೆ ಲಿಫ್ಟಿಗೇ ಹತ್ತಿಸಲು ಹೋಗಿದ್ದಳು! ಮಾವ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು. ಅವಸರದಲ್ಲಿ ಅವಳು ತುಟಿಗೆ ಒತ್ತಿದ ಚಮಚದಿಂದ ಗಂಜಿ ಗದ್ದಕ್ಕೆ ಇಳಿಯಿತು. ನರ್ಸ್ ಪೊಟ್ಟಣಕ್ಕೆ ಕೈ ಹಾಕಿದಳು.

"ಇನ್ನೊಂದೇ ಒಂದು ಸಲ ಸಿಸ್ಟರ್. ದಮ್ಮಯ್ಯ."

ಅವಳು ಸೆರಗಿನಿಂದ ಮಾವನ ಗದ್ದ ಒರೆಸಿದಳು. ಮದುವೆಗೆ ಮುಂಚೆ ಅವಳು ಅದೇ ಕಟ್ಟಡದಲ್ಲಿ ಟೈಪಿಸ್ಟ್ ಆಗಿದ್ದಳು. ಕೆಲಸ ಮುಗಿಸಿ, ಸಂಜೆ ಕಾಲೇಜಿಗೆ ಹೊತ್ತಾಯಿತೆಂದು ಏದುಸಿರು ಬಿಡುತ್ತ ಲಿಫ್ಟಿನತ್ತ ಓಡಿ ಬರುವಾಗ, ಒಳಗಿದ್ದ ಸಾಹೇಬರು ಎಷ್ಟೇ ಗೊಣಗಲಿ, ಈ ಮನುಷ್ಯ ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಂತಿರುತ್ತಿದ್ದರು. "ಓಡ್ಬೇಡಮ್ಮ, ಲಿಫ್ಟ್ ನಿನ್ನ ಬಿಟ್ಟು ಹೋಗಲ್ಲ." ಮುಂದೆ ಮಗನಿಗೆ ಹೆಣ್ಣು ಹುಡುಕಲು ಅವರು ಆ ಕಟ್ಟಡ ಬಿಟ್ಟು ಹೊರಗೆ ಹೋಗಲೇ ಇಲ್ಲ.

ಅವಳು ಚಮಚ ಕೆಳಗಿಟ್ಟು, ಅವರ ಎಡಗೈ ಹಿಡಿದುಕೊಂಡಳು.

"ಓಡ್ಬೇಡಿ ಮಾವ. ನಿಧಾನಕ್ಕೆ ಬನ್ನಿ. ದೋಣಿ ನಿಮ್ಮನ್ನ ಬಿಟ್ಟು ಹೋಗಲ್ಲ."

ಮಾವ ಮೆಲ್ಲಗೆ ಈ ಕಡೆ ತಿರುಗಿದರು. ಅವಳನ್ನೇ ನೋಡಿದರು. ತುಟಿಯ ಒಂದು ಪಕ್ಕ ಮಾತ್ರ ನಕ್ಕಿತು. ಆಮೇಲೆ ಬಾಯಿ ತೆರೆಯಿತು.

ಮೆಟ್ಟಿಲು ಹತ್ತಿ ದೀಪಸ್ತಂಭ ನೋಡಿದರು. ಇಳಿದು ಹವಳದ ಕೊಲ್ಲಿಗೆ ಹೋದರು. ಅಷ್ಟರಲ್ಲಿ ನರ್ಸ್ ಸ್ಟೂಲ್ ಎಳೆದುಕೊಂಡು ಕೂತಿದ್ದಳು.

"ಅಲ್ಲಿ ಕಾಲು ನೀರಲ್ಲಿ ಇಳಿಬಿಟ್ಟು ಕೂರೋ ಜಾಗ ಇಲ್ವಾ?" ಎಂದು ಬೂಟಿನ ಲೇಸು ಸಡಿಲಿಸುತ್ತ ಕೇಳಿದಳು. "ಬೆಳಗಿಂದ ನಿಂತು ನಿಂತು ಕಾಲು ಕಂಬ ಆಗಿದೆ."

"ಇದೆ ಸಿಸ್ಟರ್, ಬನ್ನಿ. ಮಾವ, ಸ್ವಲ್ಪ ಆ ಕಡೆ ಸರ್ಕೊಳ್ಳಿ."

ಒಂದು ಚಮಚದ ಹೊತ್ತು ಮೂವರೂ ಅಲ್ಲಿ ಕೂತರು.

ಬಟ್ಟಲಿನ ತಳದಲ್ಲಿ ಕೊನೆಯ ತುತ್ತು ಉಳಿಯಿತು. "ಎಲ್ಲಾ ನೋಡಿದ್ದಾಯ್ತು ಮಾವ. ಮನೆಗೆ ಹೊರಡೋಣ್ವಾ?"

ಬಾಯಿಗೆ ಮತ್ತೆ ಬೀಗ ಬಿತ್ತು.

ಸೊಸೆಯ ಮುಖ ಸಣ್ಣಗಾಯಿತು. "ಇದೊಂದಕ್ಕೆ ಮಾತ್ರ ಒಪ್ಪಲ್ಲ ಸಿಸ್ಟರ್. ಮೊನ್ನೆಯೂ ಹೀಗೇ, ನಿನ್ನೆಯೂ ಹೀಗೇ. ಬಟ್ಟಲು ಖಾಲಿ ಆಗ್ಬೇಕು ಅಂದಿದ್ರಿ..."

ನರ್ಸ್ ಬಟ್ಟಲೊಳಗೆ ಇಣುಕಿದಳು. ಲೇಸು ಕಟ್ಟಿಕೊಂಡು ಎದ್ದು, ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿ ಜಿಪ್ ಎಳೆದಳು.

"ಇರ್ಲಿ ಬಿಡಮ್ಮ" ಎಂದಳು. "ಅಷ್ಟು ದೂರ ಹೋದವರನ್ನ ಇವತ್ತೇ ಯಾಕೆ ವಾಪಸ್ ಕರೀತೀಯ?"