ಉದ್ದ ಅಗಲ

“ಲೋ ಲೋಹಿತ, ಕಾಂಟ್ರಾಕ್ಟ್ ಮುಗೀತಲ್ಲ, ಈಗ ನೀನು ಫ್ರೀ. ಫ್ರೀ ಅಂದ್ರೆ ಏನ್ ಗೊತ್ತೇನ್ಲಾ? ಸೋಪಿನ ಜೊತೆ ಪ್ಲಾಸ್ಟಿಕ್ ಬಾಚಣಿಗೆ ಕೊಡ್ತಾರಲ್ಲ, ಅದು!”

ಪತ್ರಿಕೆಯವರ ಎದುರಿಗೇ ತಂಡದ ಮಾಲೀಕರು ಹೀಗೆಂದರು. ಆಟಗಾರರೆಲ್ಲ ನಕ್ಕರು. ನಗದಿದ್ದರೆ ಮುಂದಿನ ಬಾಚಣಿಗೆ ತಾವೇ ಎಂದು ಅವರಿಗೆ ಗೊತ್ತಿತ್ತು.

ಮಾಲೀಕರದು ಗ್ರಾನೈಟ್ ವ್ಯಾಪಾರ. ಬಾಸ್ಕೆಟ್‌ಬಾಲ್ ಆಟಗಾರರನ್ನೂ ಕಲ್ಲಿನ ಹಾಗೆ ಉದ್ದ ಅಗಲ ನೋಡಿಯೇ ಆರಿಸುತ್ತಿದ್ದರು. ಲೋಹಿತ ಗಿಡ್ಡ. ಆರು ವರ್ಷ ತಂಡಕ್ಕೆಲ್ಲ ಚೆಂಡು ಹಂಚಿದವನು ಅವನೇ. ಆದರೆ ಫೋಟೊದಲ್ಲಿ ಕಾಣುತ್ತಿರಲಿಲ್ಲ, ಅದು ದೊಡ್ಡ ಅಪರಾಧ ತಾನೇ?

ಅವನನ್ನು ತೆಗೆದು ಖಾಲಿ ಮಾಡಿದ ಜಾಗಕ್ಕೆ ಬರಬೇಕಾದವನು ಪಕ್ಕದಲ್ಲೇ ಕೂತಿದ್ದ ಪೊನ್ನಣ್ಣ. ಹತ್ತಿರ ಹತ್ತಿರ ಏಳಡಿ ಎತ್ತರ. ಎಲ್ಲ ತಂಡಗಳೂ ಅವನ ಬೆನ್ನು ಬಿದ್ದಿದ್ದವು. ಇವನು ಬಂದರೆ ಈ ಸಲ ಕಪ್ ನಮ್ಮದೇ ಎಂದು ಮಾಲೀಕರು ಊರೆಲ್ಲ ಬ್ಯಾನರ್ ಕಟ್ಟಿಸಿಯಾಗಿತ್ತು.

ಸಹಿ ಹಾಕಲು ಪೆನ್ನು ಹಿಡಿದ ಪೊನ್ನಣ್ಣ ತಡೆದ. “ಸಾರ್, ನಂಗೆ ಪಾಸ್ ಕೊಡೋದು ಈ ಅಣ್ಣ ಅಂತ ತಾನೇ ನೀವು ಹೇಳಿದ್ದು? ಅದಕ್ಕೇ ನಾನು ಬಂದಿದ್ದು.”

“ಇವನಾ? ಚೆಂಡು ಎಸೆಯೋಕೆ ಯಾರಾದ್ರೇನಪ್ಪ? ನಮ್ಮ ಡ್ರೈವರ್‌ಗೂ ಎರಡು ಕೈ ಅವೆ. ನೀನು ಸೈನ್ ಹಾಕು.”

ಲೋಹಿತ ಬ್ಯಾಗನ್ನು ಹೆಗಲಿಗೇರಿಸಿಕೊಂಡ.

“ಹೋಗ್ಲಾ, ಹೋಗು! ನಿನ್ನ ನಂಬ್ಕೊಂಡು ಯಾವನು ಬತ್ತಾನೋ ನಾನೂ ನೋಡೇ ಬಿಡ್ತೀನಿ!”

ಲೋಹಿತ ಬಾಗಿಲು ದಾಟಿ ನಡೆದ. ಪೆನ್ನನ್ನು ಮೇಜಿನ ಮೇಲಿಟ್ಟು, ಚೌಕಟ್ಟಿಗೆ ತಲೆ ತಗುಲದಂತೆ ಬಗ್ಗಿ, ಅವನ ಹಿಂದೆಯೇ ಪೊನ್ನಣ್ಣನೂ ಹೊರಟ.