ಪಂಖಕ್ಕೆ ಸುತ್ತಿದ ಸೀರೆ

ಡೀಸೆಲ್ ವಾಸನೆ ಬಂದರೆ ನನಗೆ ಈಗಲೂ ಒಂದು ಒದ್ದೆ ಕೆಂಪು ಸೀರೆ ನೆನಪಾಗುತ್ತದೆ.

ಆ ಮಧ್ಯಾಹ್ನ ಬೋರಿವಲಿಯಾಚೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಾಲುವೆಯಲ್ಲಿ ನಮ್ಮ ದೋಣಿ ಗಕ್ಕನೆ ನಿಂತಿತು. ಪೂಜೆ ಮಾಡಿ ನೀರಿಗೆ ಬಿಟ್ಟ ಸೀರೆಯೊಂದು ಎಂಜಿನ್ನಿನ ಪಂಖಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು. ಪಂಖವನ್ನು ಮೇಲೆತ್ತಿದ ದೋಣಿಯವನು ‘ದೇವೀಚಿ ಸಾಡಿ!’ ಎಂದು, ದೇವಿಯ ಸೀರೆ ಕೊಯ್ಯಲು ಹೆದರಿ, ಚಾಕು ಕೆಳಗಿಟ್ಟ. ಇಳಿತ ಶುರುವಾಗಿತ್ತು, ತಡವಾದರೆ ದೋಣಿ ಕೆಸರಲ್ಲಿ ಹೂತುಹೋಗುತ್ತಿತ್ತು. ಆದರೂ ಯಾರೂ ಅಲ್ಲಾಡಲಿಲ್ಲ.

ದೊಡ್ಡಪ್ಪ ತೀರಿಕೊಂಡ ಮೇಲೆ ಕೆಂಪು ಸೀರೆ ಉಡದಿದ್ದ ದೊಡ್ಡಮ್ಮ ಆ ಚಾಕು ಎತ್ತಿಕೊಂಡಳು.

‘ಅತ್ತಿಗೆ, ನೀವು ಅದನ್ನು ಮುಟ್ಟಬಾರದು,’ ಎಂದರು ಅಪ್ಪ.

‘ಮುಟ್ಟಿದ್ರೆ ಎಂಥ ಆಗ್ತದೆ? ಗಂಡ ಹೋಗಿ ಆಯ್ತಲ್ಲ!’

ಗ್ರೀಸು ಮೆತ್ತಿದ ಜರಿಯನ್ನು ಕೊಯ್ದು ಹಾಕಿದಳು. ಎಂಜಿನ್ ಗುಡುಗಿತು. ಕೈಯಲ್ಲುಳಿದ ಕೆಂಪು ತುಂಡನ್ನು ಹಿಂಡಿ, ತಲೆಗೆ ಸುತ್ತಿಕೊಂಡು, ಎಲ್ಲರಿಗೂ ಎದುರಾಗಿ ಕೂತಳು.

‘ಬಿಸಿಲು,’ ಎಂದಳು. ಯಾಕೆಂದು ಯಾರೂ ಕೇಳಿರಲಿಲ್ಲ.